ಬಟ್ಟಲು ತುಂಬಿತ್ತು, ತೂಕ ಏರಲಿಲ್ಲ

ನನ್ನ ಹತ್ತಿರ ಇನ್ನೂರು ಪುಟದ ಒಂದು ಲೆಕ್ಕದ ಪುಸ್ತಕ ಇದೆ. ಅದರ ಮೊದಲ ಪುಟದಲ್ಲಿ ಮಗಳ ತೂಕದ ನಾಲ್ಕು ಸಾಲು. ಹುಟ್ಟಿದ ದಿನ 2.7 ಕೆ.ಜಿ. ನಾಲ್ಕನೇ ದಿನ 2.5. ಹದಿನಾಲ್ಕನೇ ದಿನ 2.64. ಮೂವತ್ತನೇ ದಿನ 2.95. ಆ ನಾಲ್ಕನೇ ಸಾಲು ಬರೆದ ದಿನ ನಾನು ತವರುಮನೆಯ ಬಾಣಂತಿ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿ ಅತ್ತದ್ದು ಇವತ್ತಿಗೂ ನೆನಪಿದೆ. ಈಗ ಮಗಳಿಗೆ ಒಂದೂವರೆ ವರ್ಷ. ಈ ನಡುವೆ ನಮ್ಮ ಮನೆಯಲ್ಲಿ ಎರಡು ಸಲ ತೂಕದ ತೊಂದರೆ ಬಂತು, ಎರಡಕ್ಕೂ ಕಾರಣ ಬೇರೆ ಬೇರೆ. ಅದನ್ನು ಹೇಗೆ ಕಂಡುಕೊಂಡೆವು, ಏನು ಮಾಡಿದೆವು ಎಂದು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು.

ಮಗಳು ಕಾರ್ತಿಕದಲ್ಲಿ ಹುಟ್ಟಿದಳು. ನಮ್ಮ ತವರು ತಿಪಟೂರಿನ ಹತ್ತಿರದ ಹಳ್ಳಿ. ಕೊಬ್ಬರಿ ಊರು, ಹಾಗಾಗಿ ಬಾಣಂತನಕ್ಕೆ ಅಂಟಿನುಂಡೆಗೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನೀರಿಗೆ. ಬಾಣಂತಿ ನೀರು ಕುಡಿದರೆ ಶೀತ, ಹೊಟ್ಟೆ ದಪ್ಪ ಆಗುತ್ತೆ ಅಂತ ಅಮ್ಮ ದಿನಕ್ಕೆ ಎರಡು ಲೋಟ ಬಿಸಿನೀರು ಅಳೆದು ಕೊಡುತ್ತಿದ್ದರು. ಅನ್ನ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ. ಬೆಳಿಗ್ಗೆ ಮಗುವಿಗೆ ಎಣ್ಣೆ ತಿಕ್ಕಿ ಹಂಡೆ ನೀರು ಹೊಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ಬಿಗಿಯಾಗಿ ಸುತ್ತಿ ಮಲಗಿಸಿದರೆ ನಾಲ್ಕು ಗಂಟೆ, ಒಮ್ಮೊಮ್ಮೆ ಐದು ಗಂಟೆ ಮಲಗುತ್ತಿತ್ತು. "ಮಲಗಿರೋ ಮಗು ಎಬ್ಬಿಸಬಾರದು ಕಣೆ, ನಿದ್ದೆಯಲ್ಲೇ ಬೆಳೆಯೋದು" ಅಂತ ಅಮ್ಮ. ನನಗೂ ಹೌದೆನಿಸಿತ್ತು. ಅಳದೆ ಮಲಗುವ ಮಗು ಎಂದರೆ ಹೊಟ್ಟೆ ತುಂಬಿದ ಮಗು ಅಂತಲೇ ನಾನು ತಿಳಿದಿದ್ದೆ. ಸಾಕಷ್ಟು ಹಾಲು ಸಿಗದ ಮಗುವೂ ಶಕ್ತಿ ಉಳಿಸಿಕೊಳ್ಳಲು ಹೆಚ್ಚು ನಿದ್ದೆ ಮಾಡುತ್ತದೆ ಎಂದು ಆಗ ಯಾರೂ ಹೇಳಿರಲಿಲ್ಲ.

ಹುಟ್ಟಿದ ಮೊದಲ ಮೂರು ನಾಲ್ಕು ದಿನ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ತೂಕ ಇಳಿಯುತ್ತವೆ. ನೂರಕ್ಕೆ ಏಳೆಂಟು ಭಾಗ ಇಳಿದರೆ ಗಾಬರಿಪಡಬೇಕಿಲ್ಲ, ಹತ್ತು ದಾಟಿದರೆ ನೋಡಿಸಬೇಕು. ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಅಲ್ಲಿಂದ ಮೂರು ತಿಂಗಳವರೆಗೆ ದಿನಕ್ಕೆ ಸುಮಾರು 25–30 ಗ್ರಾಂ ಏರುತ್ತಾ ಹೋಗಬೇಕು. ನಮ್ಮದು ಎರಡು ವಾರಕ್ಕೆ ವಾಪಸ್ ಬಂದಿರಲಿಲ್ಲ. ನಾಲ್ಕನೇ ದಿನದಿಂದ ಇಪ್ಪತ್ತಾರು ದಿನಕ್ಕೆ 450 ಗ್ರಾಂ, ಅಂದರೆ ದಿನಕ್ಕೆ 17 ಗ್ರಾಂ. ತಾಯಿ ಕಾರ್ಡಿನಲ್ಲಿ ಹೆಣ್ಣುಮಕ್ಕಳ ಗುಲಾಬಿ ಪುಟದ ಮೇಲೆ ಚುಕ್ಕೆ ಇಟ್ಟರೆ ಹಸಿರು ಪಟ್ಟಿಯಿಂದ ಕೆಳಗೆ, ಹಳದಿಯಲ್ಲಿ ಬಿತ್ತು.

ತೂಕ ನೋಡಿದ ಎಲ್ಲರ ಬಾಯಲ್ಲೂ ಒಂದೇ ಮಾತು: ಹಾಲು ಸಾಲುತ್ತಿಲ್ಲ. ಹೆರಿಗೆಯಾದ ನರ್ಸಿಂಗ್ ಹೋಮಿನಲ್ಲಿ ಮಗುವನ್ನು ಎರಡು ನಿಮಿಷವೂ ನೋಡದೆ ಪೌಡರ್ ಹಾಲಿನ ಹೆಸರು ಚೀಟಿಯಲ್ಲಿ ಬರೆದುಕೊಟ್ಟರು. ನಾಮಕರಣಕ್ಕೆ ಬಂದ ನೆಂಟರು "ಯಾಕಮ್ಮಾ ಮಗು ಹಿಂಗೆ ಸೊರಗಿದೆ? ಹಾಲಿಲ್ವಾ?" ಎಂದು ನನ್ನ ಎದೆ ಕಡೆ ನೋಡಿ ಕೇಳಿದರು. ಮಗು ಹೆತ್ತ ಹೆಂಗಸಿಗೆ ಆ ಪ್ರಶ್ನೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಕೇಳುವವರಿಗೆ ಗೊತ್ತಾಗುವುದಿಲ್ಲ. ಕೇಳಿದವರಲ್ಲಿ ಹೆಚ್ಚಿನವರು ತಾವೂ ಹೆತ್ತವರೇ.

ಪೌಡರ್ ಡಬ್ಬಿ ತರುವ ಮೊದಲು ಒಮ್ಮೆ ನೋಡೋಣ ಎಂದು ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ಒಬ್ಬ ಹಿರಿಯ ನರ್ಸ್ ಮಾಡಿದ ಕೆಲಸ ಇಷ್ಟೇ. "ಕೂತ್ಕೊಂಡು ಹಾಲು ಕುಡಿಸಮ್ಮ, ನಾನು ನೋಡ್ತೀನಿ" ಎಂದರು. ಶುರುವಿನಿಂದ ಕೊನೆವರೆಗೆ, ಸುಮಾರು ಇಪ್ಪತ್ತು ನಿಮಿಷ, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ನೋಡಿದರು. ಒಂದು ತಿಂಗಳಲ್ಲಿ ಮಗು ಹಾಲು ಕುಡಿಯುವುದನ್ನು ಪೂರ್ತಿ ನೋಡಿದ ಮೊದಲ ವ್ಯಕ್ತಿ ಅವರು.

ಅವರು ತೋರಿಸಿದ್ದು ಇದು. ನಾನು ಮಗುವನ್ನು ತೊಡೆ ಮೇಲೆ ಅಂಗಾತ ಮಲಗಿಸಿ ಕತ್ತು ಮಾತ್ರ ನನ್ನ ಕಡೆ ತಿರುಗಿಸುತ್ತಿದ್ದೆ. ನೀವೇ ಕತ್ತು ಪಕ್ಕಕ್ಕೆ ತಿರುಗಿಸಿಕೊಂಡು ನೀರು ಕುಡಿದು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಮಗುವಿನ ಇಡೀ ಮೈ ನನ್ನ ಕಡೆ ತಿರುಗಿ, ಹೊಟ್ಟೆಗೆ ಹೊಟ್ಟೆ ತಾಗಬೇಕು. ಮೂಗು ಮೊಲೆತೊಟ್ಟಿನ ನೇರಕ್ಕೆ ಇರಬೇಕು. ತುಟಿಗೆ ತಾಗಿಸಿದಾಗ ಆಕಳಿಸುವಷ್ಟು ಅಗಲ ಬಾಯಿ ತೆರೆಯುವವರೆಗೆ ಕಾದು, ಆಮೇಲೆ ಮಗುವನ್ನು ಎದೆಗೆ ತರಬೇಕು. ಎದೆಯನ್ನು ಮಗುವಿನ ಬಾಯಿಗೆ ತುರುಕಬಾರದು. ಗಲ್ಲ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಗೆ ಮಡಚಿಕೊಂಡಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿನದು ಬಾಯೊಳಗೆ ಹೋಗಿ ಮೇಲಿನದು ಸ್ವಲ್ಪ ಕಾಣಬೇಕು. ನನ್ನ ಮಗಳು ತೊಟ್ಟನ್ನಷ್ಟೇ ಚೀಪುತ್ತಿದ್ದಳು. ಅದಕ್ಕೇ ನನಗೆ ತೊಟ್ಟು ಬಿರಿದು ರಕ್ತ ಬರುತ್ತಿದ್ದದ್ದು. ಬಾಣಂತನ ಅಂದಮೇಲೆ ಈ ನೋವು ಇದ್ದದ್ದೇ ಎಂದು ಸಹಿಸಿಕೊಂಡಿದ್ದೆ.

ಸರಿಯಾಗಿ ಹಿಡಿದ ಮೇಲೆ ಮಗುವಿನ ಗಂಟಲಲ್ಲಿ ಗುಟುಕು ಇಳಿಯುವ ಸದ್ದು ಕೇಳಿಸಿತು. ಎರಡು ಮೂರು ಸಲ ಚೀಪುವುದು, ಒಂದು ಗುಟುಕು, ಒಂದು ಉಸಿರು. ಅದೇ ಮೊದಲ ಸಲ ನಾನು ಆ ಸದ್ದು ಕೇಳಿದ್ದು.

ಇನ್ನೊಂದು ತಪ್ಪೂ ಅಲ್ಲೇ ಸಿಕ್ಕಿತು. ಎರಡೂ ಕಡೆ ಸಮನಾಗಿ ಕುಡಿಸಬೇಕು ಎಂದು ಗಡಿಯಾರ ನೋಡಿ ಐದು ನಿಮಿಷಕ್ಕೆ ಕಡೆ ಬದಲಿಸುತ್ತಿದ್ದೆ. ಎದೆ ಖಾಲಿಯಾಗುತ್ತಾ ಬಂದಂತೆ ಹಾಲಿನಲ್ಲಿ ಕೊಬ್ಬಿನ ಅಂಶ ಹೆಚ್ಚುತ್ತದಂತೆ. ನಾನು ಆ ಗಟ್ಟಿ ಹಾಲು ಬರುವ ಹೊತ್ತಿಗೇ ಬಾಯಿ ಬಿಡಿಸುತ್ತಿದ್ದೆ. ಒಂದು ಕಡೆ ಮಗು ತಾನಾಗೇ ಬಿಡುವವರೆಗೆ ಕುಡಿಸಿ, ಆಮೇಲೆ ಇನ್ನೊಂದು ಕಡೆ ಕೊಡಿ ಎಂದರು.

ಅಂದಿನಿಂದ ಹದಿನೈದು ದಿನ ನಾವು ಹೀಗೆ ನಡೆಸಿದೆವು. ಹಗಲು ಎರಡರಿಂದ ಎರಡೂವರೆ ಗಂಟೆಗೊಮ್ಮೆ, ರಾತ್ರಿ ಮೂರು ಗಂಟೆಗೊಮ್ಮೆ ಎಬ್ಬಿಸಿ ಹಾಲು. ಸುತ್ತಿದ ಬಟ್ಟೆ ಬಿಚ್ಚಿ, ಅಂಗಾಲು ತಿಕ್ಕಿ, ನನ್ನ ಬರಿಮೈಗೆ ಹಾಕಿಕೊಂಡರೆ ಎಚ್ಚರವಾಗುತ್ತಿದ್ದಳು. ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿ ಹೊತ್ತೇ ಹೆಚ್ಚು, ಹಾಗಾಗಿ ರಾತ್ರಿಯ ಹಾಲು ತಪ್ಪಿಸಬಾರದು. ದಿನಕ್ಕೆ ನಾಲ್ಕು ಸಲ, ಮಗು ಕುಡಿದಾದ ಮೇಲೆ ಉಳಿದದ್ದನ್ನು ಕೈಯಲ್ಲೇ ಹಿಂಡಿ ಒಳಲೆಯಲ್ಲಿ ಕುಡಿಸುತ್ತಿದ್ದೆ. ನಮ್ಮಜ್ಜಿಯ ಕಾಲದ ಬೆಳ್ಳಿ ಒಳಲೆ ಅದು, ಕುದಿಯುವ ನೀರಿನಲ್ಲಿ ಹಾಕಿ ತೆಗೆದು ಬಳಸಿದೆವು. ಒಂದು ಸಲಕ್ಕೆ 15–20 ಮಿಲಿ ಲೀಟರ್ ಸಿಗುತ್ತಿತ್ತು. ನೀರಿನ ವಿಷಯದಲ್ಲಿ ಅಮ್ಮನ ಜೊತೆ ಜಗಳವೇ ಆಯಿತು. ಬಾಯಾರಿದಷ್ಟೂ ಕುಡಿಯಲು ಬಿಡಿ ಅಂತ ನರ್ಸಮ್ಮನೇ ಹೇಳಿದ್ದಾರೆ ಎಂದ ಮೇಲೆ ಹಾಸಿಗೆ ಪಕ್ಕ ಚೊಂಬು ಬಂತು. ಗ್ರೈಪ್ ವಾಟರ್, ಬಜೆ ತೇದು ಹಾಕುವುದು, ನಾಲಿಗೆಗೆ ಜೇನು ಸವರುವುದು ನಿಂತವು. ವರ್ಷ ತುಂಬುವವರೆಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಮಗುವಿನ ಕರುಳಲ್ಲಿ ಬೆಳೆದು ವಿಷವಾಗುತ್ತದೆ. ಇದನ್ನು ನಾನು ಈಗ ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

ಮೂತ್ರ ಎಣಿಸಲು ಶುರು ಮಾಡಿದೆ. ಮೊದಲು ದಿನಕ್ಕೆ ನಾಲ್ಕೈದು ಲಂಗೋಟಿ ಒದ್ದೆಯಾಗುತ್ತಿತ್ತು. ಮೂರನೇ ದಿನದಿಂದ ಏಳೆಂಟಾಯಿತು. ತಕ್ಕಡಿ ಇಲ್ಲದ ಮನೆಯಲ್ಲೂ ನಂಬಬಹುದಾದ ಲೆಕ್ಕ ಅದು. ಮೊದಲ ವಾರ ಕಳೆದ ಮೇಲೆ ಬರೀ ಎದೆಹಾಲು ಕುಡಿಯುವ ಮಗು ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಮೂತ್ರ ಮಾಡಿದರೆ ತಡ ಮಾಡದೆ ತೋರಿಸಬೇಕು.

ನಲವತ್ತೈದನೇ ದಿನ 3.4 ಕೆ.ಜಿ. ಹದಿನೈದು ದಿನಕ್ಕೆ 450 ಗ್ರಾಂ! ಮೂರು ತಿಂಗಳಿಗೆ 4.65, ಚುಕ್ಕೆ ಹಸಿರಿಗೆ ಹತ್ತಿತು. ಆರು ತಿಂಗಳಿಗೆ 6.2. ಪೌಡರ್ ಡಬ್ಬಿ ತರಲೇ ಇಲ್ಲ. ಕೆಲವರಿಗೆ ನಿಜವಾಗಿಯೂ ಅದು ಬೇಕಾಗುತ್ತದೆ, ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಅದನ್ನು ಬರೆಯುವ ಮೊದಲು ಒಬ್ಬರು ಕೂತು ಮಗು ಹಾಲು ಕುಡಿಯುವುದನ್ನು ನೋಡಬೇಕು.

ಇಲ್ಲಿ ತಕ್ಕಡಿಯ ವಿಷಯ ಹೇಳಬೇಕು, ಏಕೆಂದರೆ ನಾನು ಕಳೆದುಕೊಂಡ ನಿದ್ದೆಯಲ್ಲಿ ಅರ್ಧ ಅದರಿಂದಲೇ. ಎರಡನೇ ತಿಂಗಳಲ್ಲಿ ಒಂದು ದಿನ ಕ್ಲಿನಿಕ್ಕಿನಲ್ಲಿ 3.9, ಮರುದಿನ ಅಂಗನವಾಡಿಯಲ್ಲಿ 3.7 ಬಂತು. ಒಂದೇ ರಾತ್ರಿಗೆ ಇನ್ನೂರು ಗ್ರಾಂ ಎಲ್ಲಿ ಹೋಯಿತು? ನಿಧಾನವಾಗಿ ಯೋಚಿಸಿದಾಗ ತಿಳಿಯಿತು. ಕ್ಲಿನಿಕ್ಕಿಗೆ ಚಳಿಗೆಂದು ಸ್ವೆಟರು, ಕುಲಾವಿ ಹಾಕಿ, ಬೆಳ್ಳಿ ಉಡಿದಾರ, ಕಾಲ್ಗೆಜ್ಜೆ ಸಮೇತ ತೂಗಿಸಿದ್ದೆವು. ಒದ್ದೆ ಡೈಪರು ಬೇರೆ. ಅಂಗನವಾಡಿಯದು ಕೊಕ್ಕೆಗೆ ತೂಗುಹಾಕುವ ಮುಳ್ಳಿನ ತಕ್ಕಡಿ, ಅದರಲ್ಲಿ ಒಂದೊಂದು ಗೆರೆಯೂ ನೂರು ಗ್ರಾಂ. ಮಗು ಒದ್ದಾಡುವಾಗ ಮುಳ್ಳು ಒಂದು ಗೆರೆ ಆಚೀಚೆ ಆಗುವುದು ಸಹಜ. ಅಂಗನವಾಡಿ ಟೀಚರೇ ಹೇಳಿದರು, "ಮೇಡಂ, ಯಾವುದಾದರೂ ಒಂದೇ ಕಡೆ ತೂಗಿಸಿ. ನಾಲ್ಕು ಕಡೆ ತೂಗಿಸಿದರೆ ನಾಲ್ಕು ಮಕ್ಕಳ ತೂಕ ಬರುತ್ತೆ." ಅವರ ಮಾತು ಸರಿ. ಅಲ್ಲಿಂದ ಮುಂದೆ ಒಂದೇ ಡಿಜಿಟಲ್ ತಕ್ಕಡಿ, ಬೆಳಗಿನ ಹೊತ್ತು, ಬರಿಮೈ, ಹಾಲು ಕುಡಿಸುವ ಮೊದಲು. ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ನಡುವೆ ನಾನೇ ಒಂದು ತಕ್ಕಡಿ ಕೊಂಡು ದಿನಾ ತೂಗಿದ ಮೂರು ವಾರ ಇತ್ತು. ಹತ್ತು ಗ್ರಾಂ ಇಳಿದರೆ ಇಡೀ ದಿನ ಊಟ ಸೇರುತ್ತಿರಲಿಲ್ಲ. ಒಂದು ಸಂಜೆ ನಮ್ಮನೆಯವರು ಅದನ್ನು ಅಟ್ಟಕ್ಕೆ ಹಾಕಿದರು. ನಾನು ತಡೆಯಲಿಲ್ಲ.

ಹೋಲಿಕೆಯೂ ಹಾಗೇ. ನಮ್ಮ ಓರಗಿತ್ತಿಯ ಮಗ ನನ್ನ ಮಗಳಿಗಿಂತ ಹತ್ತು ದಿನ ದೊಡ್ಡವನು. ಆರು ತಿಂಗಳಿಗೆ ಎಂಟೂವರೆ ಕೆ.ಜಿ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಇಬ್ಬರನ್ನೂ ಪಕ್ಕ ಪಕ್ಕ ಮಲಗಿಸಿ ಫೋಟೋ ತೆಗೆದರು. ಆ ಫೋಟೋ ನಾನು ಬಹಳ ದಿನ ನೋಡಲಿಲ್ಲ. ಗಂಡುಮಕ್ಕಳ ಗೆರೆಯೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಪಟ್ಟಿಯಲ್ಲಿ ಆರು ತಿಂಗಳಿಗೆ ಗಂಡುಮಕ್ಕಳ ನಡುಗೆರೆ 7.9, ಹೆಣ್ಣುಮಕ್ಕಳದು 7.3. ನಡುಗೆರೆ ಅಂದರೆ ಅರ್ಧದಷ್ಟು ಆರೋಗ್ಯವಂತ ಮಕ್ಕಳು ಅದಕ್ಕಿಂತ ಕೆಳಗೇ ಇರುತ್ತಾರೆ ಎಂದರ್ಥ, ಅದು ಪಾಸಾಗುವ ಅಂಕ ಅಲ್ಲ. "ಅದು ಫಾರಿನ್ ಮಕ್ಕಳ ಲೆಕ್ಕ, ನಮ್ಮ ಮಕ್ಕಳಿಗೆ ಹೊಂದಲ್ಲ" ಎಂದು ಬಹಳ ಜನ ಹೇಳುತ್ತಾರೆ. ಅದೂ ಸರಿಯಲ್ಲ. ಆ ಪಟ್ಟಿಗಾಗಿ ಅಳೆದ ಮಕ್ಕಳು ಆರು ದೇಶದವರು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಜೊತೆಗೆ ನಮ್ಮ ದೆಹಲಿಯ ಮಕ್ಕಳೂ ಇದ್ದರು. ಎಲ್ಲರೂ ಎದೆಹಾಲು ಕುಡಿದವರು.

ನಾನು ತರಗತಿಯಲ್ಲಿ ಗ್ರಾಫ್ ಕಲಿಸುವಾಗ ಒಂದೇ ಬಿಂದುವಿನಿಂದ ಗೆರೆ ಎಳೆಯಲಾಗದು ಎಂದು ಎಷ್ಟು ಸಲ ಹೇಳಿದ್ದೇನೆ. ಮಗಳ ವಿಷಯದಲ್ಲಿ ಅದು ತಲೆಗೆ ಇಳಿಯಲು ಆರು ತಿಂಗಳು ಬೇಕಾಯಿತು. ಬೀರುವಿನ ಬಾಗಿಲ ಒಳಗೆ ಗ್ರಾಫ್ ಹಾಳೆ ಅಂಟಿಸಿ ಚುಕ್ಕೆಗಳನ್ನು ಸೇರಿಸಿದೆ. ಮಗಳ ಗೆರೆ ಕೆಳಗಿತ್ತು, ಆದರೆ ಮೇಲಿನ ಗೆರೆಗಳ ಜೊತೆಜೊತೆಗೇ ಏರುತ್ತಿತ್ತು. ನಾನು, ನಮ್ಮನೆಯವರು ಇಬ್ಬರೂ ಸಣ್ಣ ಮೈಕಟ್ಟಿನವರು. ಅಷ್ಟು ಸಾಕು ಎನಿಸಿತು.

ಆ ಹಾಳೆ ಇಲ್ಲದಿದ್ದರೆ ಎರಡನೇ ತೊಂದರೆ ಬಂದದ್ದೇ ನನಗೆ ಗೊತ್ತಾಗುತ್ತಿರಲಿಲ್ಲ.

ಹೆರಿಗೆ ರಜೆ 180 ದಿನ ಮುಗಿದು, ಬೇಸಿಗೆ ರಜೆಯೂ ಕಳೆದು, ಶಾಲೆ ಶುರುವಾಯಿತು. ತುಮಕೂರಿನ ಮನೆಯಿಂದ ಬೆಳಿಗ್ಗೆ ಎಂಟಕ್ಕೆ ಬಸ್ಸು, ವಾಪಸ್ ಬರುವಾಗ ಸಂಜೆ ಐದೂವರೆ. ಮಗು ಅತ್ತೆಯ ಕೈಯಲ್ಲಿ. ಅತ್ತೆ ಎಂದರೆ ಮಗುವಿಗಾಗಿ ಜೀವ ಬಿಡುವವರು, ಅದರಲ್ಲಿ ಎರಡು ಮಾತಿಲ್ಲ. ಬೆಳಿಗ್ಗೆ ಒಂದು ಬಟ್ಟಲು ರಾಗಿ ಸರಿ, ಮಧ್ಯಾಹ್ನ ಅನ್ನ ಬೇಳೆಕಟ್ಟು, ನಾಲ್ಕು ಗಂಟೆಗೆ ಇನ್ನೊಂದು ಬಟ್ಟಲು ಸರಿ, ನಡುವೆ ಹಸುವಿನ ಹಾಲಿಗೆ ಸಮ ನೀರು ಬೆರೆಸಿ ಎರಡು ಸಲ. ಸಂಜೆ ನಾನು ಬಂದ ಕೂಡಲೇ ಅತ್ತೆ ಖುಷಿಯಿಂದ ಹೇಳುತ್ತಿದ್ದರು, "ಬಟ್ಟಲು ಪೂರ್ತಿ ಖಾಲಿ ಮಾಡಿದ್ಲು ಕಣಮ್ಮ!"

ಏಳು ತಿಂಗಳಿಗೆ 6.4. ಎಂಟಕ್ಕೆ 6.45. ಒಂಬತ್ತಕ್ಕೆ 6.5.

ಬಟ್ಟಲು ಖಾಲಿಯಾಗುತ್ತಿತ್ತು, ಗೆರೆ ಮಾತ್ರ ಅಡ್ಡಡ್ಡಲಾಗಿ ಮಲಗಿತು. ಮೊದಲ ತಿಂಗಳು ಅಂಬೆಗಾಲಿಡುತ್ತಿದ್ದಾಳೆ, ಹಲ್ಲು ಬರುತ್ತಿದೆ, ಅದಕ್ಕೇ ಇರಬೇಕು ಅಂದುಕೊಂಡೆ. ಆರು ತಿಂಗಳಾದ ಮೇಲೆ ಏರಿಕೆ ನಿಧಾನ ಆಗುವುದೂ ನಿಜವೇ, ದಿನಕ್ಕೆ ಹತ್ತು ಹನ್ನೆರಡು ಗ್ರಾಂ ಬಂದರೆ ಸಾಕು. ಆದರೆ ಎರಡು ತಿಂಗಳಿಗೆ ನೂರು ಗ್ರಾಂ ಎಂದರೆ ನಿಧಾನ ಅಲ್ಲ, ನಿಂತೇಹೋಗಿದೆ. ಮಗುವಿನ ಮುಖವೂ ಬಿಳಿಚಿಕೊಂಡಿತ್ತು. ಅತ್ತೆಗೆ ಬಾಲಗ್ರಹದ ಅನುಮಾನ ಬಂತು. ಕೆಂಪು ದಾರದಲ್ಲಿ ತಾಯಿತ ಕಟ್ಟಿಸಿಕೊಂಡು ಬಂದರು. ನಾನು ಬೇಡ ಅನ್ನಲಿಲ್ಲ. "ಅತ್ತೆ, ಇದನ್ನೂ ಕಟ್ಟೋಣ, ಡಾಕ್ಟರ್ ಹತ್ರಾನೂ ಹೋಗೋಣ, ನೀವೂ ಬನ್ನಿ" ಎಂದೆ. ಅವರು ಬಂದದ್ದು ಬಹಳ ಒಳ್ಳೆಯದಾಯಿತು. ಮಗುವಿಗೆ ಊಟ ಮಾಡಿಸುವವರೇ ಡಾಕ್ಟರ ಮಾತು ಕೇಳಬೇಕು. ನಾನು ಮನೆಗೆ ಬಂದು ಹೇಳಿದ್ದರೆ ಅದು ಸೊಸೆಯ ದೂರು ಆಗಿಬಿಡುತ್ತಿತ್ತು.

ಮಕ್ಕಳ ಡಾಕ್ಟರು ನನ್ನ ಪುಸ್ತಕ, ಗ್ರಾಫ್ ಎರಡನ್ನೂ ನೋಡಿ ಮೊದಲು ಉದ್ದ ಅಳೆದರು, ತಲೆ ಸುತ್ತಳತೆ ಅಳೆದರು. ಎರಡೂ ತಮ್ಮ ಗೆರೆಯಲ್ಲೇ ಇದ್ದವು. ಊಟ ಸಾಲದ ಮಗುವಿನಲ್ಲಿ ಮೊದಲು ನಿಲ್ಲುವುದು ತೂಕ, ಆಮೇಲೆ ಉದ್ದ, ಕೊನೆಗೆ ತಲೆ ಎಂದು ವಿವರಿಸಿದರು. ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಹಾಲು ಕುಡಿಯುವಾಗ ಹಣೆ ಬೆವರುತ್ತದಾ, ಏದುಸಿರು ಬರುತ್ತದಾ, ತುಟಿ ನೀಲಿಯಾಗುತ್ತದಾ ಎಂದು ಕೇಳಿದರು. ಅದು ಹೃದಯದ ತೊಂದರೆಗೆ ಕೇಳುವ ಪ್ರಶ್ನೆ. ವಾಂತಿ, ಭೇದಿ, ಮತ್ತೆ ಮತ್ತೆ ಜ್ವರ ಉಂಟಾ ಎಂದರು. ರಕ್ತ, ಮೂತ್ರ ಎರಡರ ಪರೀಕ್ಷೆಗೂ ಬರೆದರು. ಹೆಣ್ಣುಮಕ್ಕಳಲ್ಲಿ ಮೂತ್ರದ ಸೋಂಕು ಜ್ವರವಿಲ್ಲದೆಯೂ ಒಳಗೇ ಇದ್ದು ತೂಕ ತಡೆಯಬಹುದಂತೆ. ಆಮೇಲೆ ಅತ್ತೆಯ ಕಡೆ ತಿರುಗಿ ಕೇಳಿದರು: "ಅಜ್ಜೀ, ಸರಿ ಹೇಗೆ ಮಾಡ್ತೀರಿ? ಒಂದು ಬಟ್ಟಲಿಗೆ ಎಷ್ಟು ಹಿಟ್ಟು?"

"ಒಂದು ಚಮಚ ಡಾಕ್ಟ್ರೇ. ತೆಳ್ಳಗೆ ಮಾಡ್ತೀನಿ, ಗಂಟಲಿಗೆ ಸಿಕ್ಕಿಕೊಂಡ್ರೆ ಕಷ್ಟ. ಬಟ್ಟೆಯಲ್ಲಿ ಸೋಸಿ ಕೊಡ್ತೀನಿ."

ಡಾಕ್ಟರು ಅತ್ತೆಯನ್ನು ಬೈಯಲಿಲ್ಲ. ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ಒಂದು ಚಮಚ ರಾಗಿ ಹಿಟ್ಟು ಐದು ಗ್ರಾಂ, ಅದರಲ್ಲಿ ಸುಮಾರು 16 ಕ್ಯಾಲೊರಿ. ಒಂದು ಚಮಚ ಬೆಲ್ಲದಲ್ಲಿ ಇಪ್ಪತ್ತರ ಹತ್ತಿರ. ಒಂದು ಬಟ್ಟಲಿಗೆ 35 ಎಂದರೆ ಎರಡು ಬಟ್ಟಲಿಗೆ 70. ಬೇಳೆಕಟ್ಟು ಎಂದರೆ ಬೇಳೆ ಬೇಯಿಸಿದ ನೀರು, ಬೇಳೆ ಕೆಳಗೇ ಉಳಿಯುತ್ತದೆ. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ಮೇಲಿನ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು, ಒಂಬತ್ತು ತಿಂಗಳಿಂದ 300. ಅದೇ ಹೊತ್ತಿಗೆ ನಾನು ಹಗಲೆಲ್ಲ ಮನೆಯಲ್ಲಿಲ್ಲದೆ ಎದೆಹಾಲೂ ಕಡಿಮೆಯಾಗಿತ್ತು. ಮಗುವಿನ ಹೊಟ್ಟೆ ಹಿಡಿಯುವುದು ಒಂದು ಕೆ.ಜಿ. ತೂಕಕ್ಕೆ 30 ಮಿಲಿ ಲೀಟರ್, ನಮ್ಮವಳಿಗೆ 200ಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಒಂದು ಬಟ್ಟಲು ತೆಳು ಸರಿ ಹೊಯ್ದರೆ ಹೊಟ್ಟೆ ತುಂಬಿಹೋಗುತ್ತಿತ್ತು. ಅವಳು ಇನ್ನು ಬೇಡ ಅನ್ನುತ್ತಿದ್ದದ್ದೂ ನಿಜ, ಪೂರ್ತಿ ಕುಡಿದದ್ದೂ ನಿಜ. ತುಂಬುತ್ತಿದ್ದದ್ದು ನೀರು.

ಅತ್ತೆ ಕಾರಿನಲ್ಲಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ "ನನ್ನ ಕೈಯಾರೆ ಮಗೂನ ಉಪವಾಸ ಕೆಡವಿದ್ನಲ್ಲಮ್ಮ" ಎಂದು ಸೆರಗಲ್ಲಿ ಕಣ್ಣೊರೆಸಿಕೊಂಡರು. ನನ್ನದೂ ಅದೇ ತಪ್ಪು, ಅತ್ತೆ. ಒಂಬತ್ತು ತಿಂಗಳು ತೂಕ ಬರೆದಿಟ್ಟವಳು ಒಂದು ದಿನವೂ ಬಟ್ಟಲೊಳಗೆ ಚಮಚ ಅದ್ದಿ ನೋಡಿರಲಿಲ್ಲ.

ಮೂತ್ರದ ವರದಿ ಮೂರು ದಿನಕ್ಕೆ ಬಂತು, ಸೋಂಕು ಇರಲಿಲ್ಲ. ಹಿಮೋಗ್ಲೋಬಿನ್ 8.9 ಇತ್ತು, 11 ಇರಬೇಕಾದ ಕಡೆ. ಸಣ್ಣದಾಗಿ ಹುಟ್ಟಿದ ಮಗು ತಾಯಿಯಿಂದ ತರುವ ಕಬ್ಬಿಣದ ಗಂಟೂ ಸಣ್ಣದೇ, ಆರು ತಿಂಗಳಿಗೆ ಅದು ಮುಗಿದಿರುತ್ತದೆ. ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಬೇರೆ ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತುವುದನ್ನೂ ಅದು ತಡೆಯುತ್ತದೆ. ವರ್ಷ ತುಂಬುವವರೆಗೆ ಕುಡಿಯಲು ಹಸುವಿನ ಹಾಲು ಬೇಡ ಎಂದರು. ಕಬ್ಬಿಣದ ಹನಿ ಬರೆದರು. ಅದರ ಪ್ರಮಾಣ ಮಗುವಿನ ತೂಕ ನೋಡಿ ಡಾಕ್ಟರೇ ಹೇಳಬೇಕು, ಹಾಗಾಗಿ ನಮ್ಮದನ್ನು ಇಲ್ಲಿ ಬರೆಯುವುದಿಲ್ಲ. ಹನಿ ಶುರುವಾದ ಮೇಲೆ ಮಲ ಕಪ್ಪಾಗುತ್ತದೆ, ಹೆದರಬೇಡಿ. ರಕ್ತ ಕಡಿಮೆಯಾದ ಮಗುವಿಗೆ ಹಸಿವೂ ಕಡಿಮೆ. ಊಟ ಸಾಲದೆ ರಕ್ತ ಕಡಿಮೆ, ರಕ್ತ ಕಡಿಮೆಯಾಗಿ ಹಸಿವಿಲ್ಲ. ಹೀಗೆ ಸುತ್ತಿಕೊಂಡಿತ್ತು ಅದು.

ಈಗ ಸರಿಯ ವಿಷಯ. ರಾಗಿಯಲ್ಲಿ ದೋಷ ಇರಲಿಲ್ಲ, ಅದನ್ನು ಸೋಸಿ ತೆಳ್ಳಗೆ ಮಾಡಿದ್ದರಲ್ಲಿ ದೋಷ ಇತ್ತು. ಬರೀ ಹಿಟ್ಟನ್ನು ಹೆಚ್ಚು ಹಾಕಿ ಕಾಯಿಸಿದರೆ ಅಂಟಿನ ಮುದ್ದೆಯಾಗುತ್ತದೆ, ಮಗು ನುಂಗುವುದಿಲ್ಲ. ಇದಕ್ಕೆ ಉಪಾಯ ನಮ್ಮ ಹಿರಿಯರಲ್ಲೇ ಇತ್ತು, ಮೊಳಕೆ ಕಟ್ಟಿದ ರಾಗಿ. ಕಾಳು ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಎರಡು ಮೂರು ಪಟ್ಟು ಹಿಟ್ಟು ಹಾಕಿದರೂ ಸರಿ ಅಂಟಾಗದೆ ಮೃದುವಾಗಿಯೇ ಇರುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನವರು ಮೊಳಕೆ ರಾಗಿಯಿಂದ ಎಳೆಮಕ್ಕಳ ಆಹಾರ ಮಾಡುವುದರ ಮೇಲೆ ಸಾಕಷ್ಟು ಕೆಲಸ ಮಾಡಿದ್ದಾರೆ.

ನಾವು ಮಾಡಿದ್ದು ಹೀಗೆ. ಒಂದು ಸೇರು ರಾಗಿಯನ್ನು ಕಲ್ಲು ಆರಿಸಿ, ನಾಲ್ಕೈದು ನೀರಿನಲ್ಲಿ ತೊಳೆದು, ರಾತ್ರಿ ನೆನೆಹಾಕಿದೆವು. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ತೂಗುಹಾಕಿದೆವು. ಬಟ್ಟೆ ಒಣಗಿದಂತೆಲ್ಲ ನೀರು ಚಿಮುಕಿಸಬೇಕು. ಮಳೆಗಾಲವಾದ್ದರಿಂದ ಎರಡು ದಿನ ಹಿಡಿಯಿತು. ಬಿಳಿ ಮೊಳಕೆ ಕಾಳಿನಷ್ಟೇ ಉದ್ದ ಬಂದಾಗ ತೆಗೆದು ತೆಳುವಾಗಿ ಹರವಿ ಒಣಗಿಸಿದೆವು. ಹುಳಿ ವಾಸನೆ ಅಥವಾ ಬೂಷ್ಟು ಬಂದರೆ ಅಷ್ಟನ್ನೂ ಎಸೆಯಬೇಕು, ಉಳಿಸಿಕೊಳ್ಳುವ ಆಸೆ ಬೇಡ. ನಮ್ಮ ಮೊದಲ ಗಂಟು ಹಾಗೇ ಹೋಯಿತು. ಚೆನ್ನಾಗಿ ಒಣಗಿದ ಮೇಲೆ ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿದೆವು. ಕಪ್ಪಾಗುವಂತೆ ಹುರಿದರೆ ಕಿಣ್ವ ಸತ್ತು ಹೋಗುತ್ತದೆ, ಮೊಳಕೆ ಕಟ್ಟಿದ್ದೇ ವ್ಯರ್ಥ. ಬೇರೆಯಾಗಿ ಹುರಿದ ಹೆಸರುಬೇಳೆಯನ್ನು ರಾಗಿಯ ಕಾಲು ಭಾಗದಷ್ಟು ಸೇರಿಸಿ ಗಿರಣಿಯಲ್ಲಿ ನುಣ್ಣಗೆ ಬೀಸಿಸಿ, ಸಣ್ಣ ಜರಡಿ ಹಿಡಿದೆವು. ಬಟ್ಟೆಯಲ್ಲಿ ಸೋಸುವುದನ್ನು ಬಿಟ್ಟೆವು.

ಒಂದು ಬಟ್ಟಲಿಗೆ ಐದು ಚಮಚ ಹಿಟ್ಟು. ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಇಳಿಸಿದ ಮೇಲೆ ಒಂದು ಚಮಚ ತುಪ್ಪ. ಬೆಲ್ಲ ಬಿಟ್ಟೆವು. ಹಿಟ್ಟಿನಿಂದ 80, ತುಪ್ಪದಿಂದ 45, ಅದೇ ಬಟ್ಟಲಿಗೆ ಈಗ 125 ಕ್ಯಾಲೊರಿ. ಚಮಚ ಓರೆ ಮಾಡಿದರೆ ನೀರಿನಂತೆ ಸುರಿಯದೆ ನಿಲ್ಲಬೇಕು, ಅದೇ ಪರೀಕ್ಷೆ. ಮಧ್ಯಾಹ್ನ ಬೇಳೆಕಟ್ಟಿನ ಬದಲು ಬೇಳೆಯನ್ನೇ ಅನ್ನದ ಜೊತೆ ಕಿವುಚಿ, ಬೇಯಿಸಿದ ಸೊಪ್ಪು, ನಾಲ್ಕು ಹನಿ ನಿಂಬೆರಸ, ತುಪ್ಪ. ಸಂಜೆ ಬಾಳೆಹಣ್ಣು ಅಥವಾ ಗಟ್ಟಿ ಮೊಸರನ್ನ. ನನ್ನ ಹಾಲನ್ನು ಬೆಳಿಗ್ಗೆ ಹಿಂಡಿ ಫ್ರಿಜ್ಜಿನಲ್ಲಿ ಇಟ್ಟು ಹೋಗತೊಡಗಿದೆ, ಅತ್ತೆ ಬಿಸಿನೀರಿನಲ್ಲಿ ಬಟ್ಟಲು ಇಟ್ಟು ಬೆಚ್ಚಗೆ ಮಾಡಿ ಒಳಲೆಯಲ್ಲಿ ಕುಡಿಸುತ್ತಿದ್ದರು.

ಡಾಕ್ಟರು ಮೊಟ್ಟೆಯನ್ನೂ ಹೇಳಿದ್ದರು. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವವರಿಲ್ಲ, ನಾನು ಆ ಮಾತನ್ನು ಎತ್ತಲೇ ಇಲ್ಲ. ಒಂದು ವಾರ ಬಿಟ್ಟು ಅತ್ತೆಯೇ ಹಿತ್ತಲಲ್ಲಿ ಹಳೆಯ ಸೀಮೆಎಣ್ಣೆ ಸ್ಟೌವ್ ಒರೆಸಿ ಇಡುತ್ತಿದ್ದರು. "ಅಡುಗೆಮನೆಗೆ ಬೇಡ. ಇಲ್ಲಿ ಒಂದು ಚಿಕ್ಕ ಪಾತ್ರೆ ಬೇರೆ ಇಟ್ಕೋ. ಮಗೂಗೆ ತಾನೇ" ಎಂದರು. ಅರವತ್ತೆಂಟು ವರ್ಷದ ಆಚಾರವನ್ನು ಅವರು ಎಷ್ಟು ಸದ್ದಿಲ್ಲದೆ ಪಕ್ಕಕ್ಕೆ ಸರಿಸಿದರೆಂದರೆ, ನನಗೆ ಏನು ಹೇಳಬೇಕೋ ತಿಳಿಯದೆ ಕಾಲಿಗೆ ನಮಸ್ಕಾರ ಮಾಡಿದೆ.

ಮೊದಲ ವಾರ ಸುಲಭ ಇರಲಿಲ್ಲ. ನೀರಿನಂಥ ಸರಿಗೆ ಒಗ್ಗಿದ ನಾಲಿಗೆ, ಗಟ್ಟಿಯದನ್ನು ಉಗಿಯುತ್ತಿದ್ದಳು. ಮೊಬೈಲು ತೋರಿಸಿ, ಗಲ್ಲ ಹಿಡಿದು ಹಾಕುವ ಅಭ್ಯಾಸವೂ ನಮಗಾಗಿತ್ತು. ಅದನ್ನು ನಿಲ್ಲಿಸಿ ನೆಲದ ಮೇಲೆ ನಮ್ಮ ಪಂಕ್ತಿಯಲ್ಲೇ ಕೂರಿಸಿ, ಅವಳ ಕೈಗೂ ಒಂದು ಚಮಚ ಕೊಟ್ಟೆವು. ಬಾಯಿ ಮುಚ್ಚಿಕೊಂಡರೆ ಅಲ್ಲಿಗೆ ಸಾಕು, ಎರಡು ಗಂಟೆ ಬಿಟ್ಟು ಮತ್ತೆ. ಅರ್ಧ ಬಟ್ಟಲು ತಿಂದರೂ ಅದು ಹಳೆಯ ಒಂದೂಮುಕ್ಕಾಲು ಬಟ್ಟಲಿಗೆ ಸಮ ಎಂಬ ಲೆಕ್ಕ ನಮಗೆ ಧೈರ್ಯ ಕೊಟ್ಟಿತು.

ಹತ್ತು ತಿಂಗಳಿಗೆ 6.85. ಹನ್ನೊಂದಕ್ಕೆ 7.15, ಹಿಮೋಗ್ಲೋಬಿನ್ 10.8. ಮೊದಲ ಹುಟ್ಟುಹಬ್ಬಕ್ಕೆ 7.4. ವರ್ಷಕ್ಕೆ ಹುಟ್ಟಿದ ತೂಕದ ಮೂರರಷ್ಟು ಆಗಬೇಕು ಎನ್ನುತ್ತಾರೆ, ಆ ಲೆಕ್ಕಕ್ಕೆ 8.1 ಆಗಬೇಕಿತ್ತು, ಆಗಲಿಲ್ಲ. ಡಾಕ್ಟರು ಗ್ರಾಫ್ ನೋಡಿ, ಗೆರೆ ಮತ್ತೆ ಪಟ್ಟಿಯ ಜೊತೆ ಏರುತ್ತಿದೆ, ಮಗು ಹಿಡಿದುಕೊಂಡು ನಿಲ್ಲುತ್ತಿದೆ, ನಾಲ್ಕು ಮಾತು ಆಡುತ್ತಿದೆ, ಇನ್ನೇನು ಎಂದರು.

ಪುಸ್ತಕದಲ್ಲಿ ಈಗ ಎರಡು ಕೈಬರಹ ಇದೆ. ಹಗಲಿನ ಸಾಲುಗಳು ಅತ್ತೆಯವು. "ತುಪ್ಪ 1 ಚಮಚ. ಮುಕ್ಕಾಲು ತಿಂದಳು. ಎರಡನೆ ಸಲ ಬೇಡ ಅಂದಳು." ಹೋದ ತಿಂಗಳು ವೈರಲ್ ಜ್ವರ ಬಂದು ನಾಲ್ಕು ದಿನ ಏನೂ ಸೇರದೆ ಇನ್ನೂರು ಗ್ರಾಂ ಇಳಿಯಿತು. ಜ್ವರ ಬಿಟ್ಟ ದಿನದಿಂದ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚು ಕೊಟ್ಟೆವು. ಮೂರನೇ ವಾರ ಇಳಿದದ್ದು ವಾಪಸ್ ಬಂತು, 8.7. ಆ ಸಾಲನ್ನೂ ಅತ್ತೆಯೇ ಬರೆದಿದ್ದಾರೆ.